ಊರೇ ನಡುಗಡ್ಡೆಯಾದಾಗ

ಶಿವರಾತ್ರಿ ಹತ್ತಿರವಾದರೆ ಮಂಡ್ಯ ಸೀಮೆಯಲ್ಲಿ ಹುಣಸೆ ಬಡಿಯುವ ಕೆಲಸ ಶುರುವಾಗುತ್ತದೆ. ಗಂಡಸರು ಗಳು ಹಿಡಿದು ಮರ ಹತ್ತುತ್ತಾರೆ, ಕೆಳಗೆ ಹೆಂಗಸರು ಹಣ್ಣು ಆಯುತ್ತಾರೆ. ಆಮೇಲೆ ಜಗುಲಿಗಳ ಮೇಲೆ ಸಿಪ್ಪೆ ಬಿಡಿಸಿ ಬೀಜ ಕುಟ್ಟುವ ಸದ್ದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಊರೊಳಗಿನ ಹಲವು ಹುಣಸೆಮರಗಳಿಗೆ ಆ ಹೊತ್ತಿನಲ್ಲಿ ಗಳು ತಾಕುವುದಿಲ್ಲ. ನೆತ್ತಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮರಿಗಳು ಬಾಯಿ ತೆರೆದು ಕೂತಿರುತ್ತವೆ, ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕಡ್ಡಿ ಜೋಡಿಸುತ್ತಿರುತ್ತವೆ. ಹಣ್ಣಿನ ಮೇಲೆಲ್ಲ ಹಿಕ್ಕೆ ಬಿದ್ದು ಸುಣ್ಣ ಬಳಿದಂತಾಗಿರುತ್ತದೆ. ಬಡಿದರೂ ಅದನ್ನು ಕೊಳ್ಳುವವರಿಲ್ಲ.

ಹಾಗೆ ನೋಡಿದರೆ ಇದು ಒಂದು ಮನೆತನದ ವರ್ಷದ ಉಪ್ಪು ಹುಳಿ ಮೆಣಸಿನ ಖರ್ಚು ಕೈತಪ್ಪುವ ವಿಷಯ. ಆದರೂ ತಲೆಮಾರುಗಳಿಂದ ಊರವರು ಹಕ್ಕಿ ಓಡಿಸಿಲ್ಲ. ಅವರು ಹೇಳುವ ಕಾರಣ ಸರಳ: ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಮಗಳು ಬಂದಾಗ ಮನೆಯಲ್ಲಿ ಖರ್ಚು ಜಾಸ್ತಿ ಆಯಿತು ಎಂದು ಯಾರಾದರೂ ಲೆಕ್ಕ ಹಾಕುತ್ತಾರೆಯೇ? ಶಿಂಷಾ ದಡದಲ್ಲಿದ್ದ ಹಳೆಯ ಊರನ್ನು 1916ರ ಸುಮಾರಿಗೆ ಪ್ಲೇಗಿನಿಂದಾಗಿ ಬಿಟ್ಟು ಈಗಿನ ಜಾಗಕ್ಕೆ ಬಂದರೆಂದೂ, ಜನರ ಹಿಂದೆಯೇ ಹಕ್ಕಿಗಳೂ ಗೂಡು ಬದಲಿಸಿದವೆಂದೂ ಹಿರಿಯರು ಹೇಳುತ್ತಾ ಬಂದಿದ್ದಾರೆ.

ಈ ಕೊನೆಯ ಮಾತು ಪಕ್ಷಿವಿಜ್ಞಾನದ ಕಿವಿ ನಿಮಿರಿಸುವಂಥದ್ದು. ಹಳೆಯ ಊರಿನಲ್ಲಿ ಮರಗಳೇನೂ ಮಾಯವಾಗಿರಲಿಲ್ಲ, ನೀರೂ ಪಕ್ಕದಲ್ಲೇ ಇತ್ತು. ಜನ ಮಾತ್ರ ಇರಲಿಲ್ಲ. ಹಾಗಾದರೆ ಈ ಹಕ್ಕಿಗಳು ಹುಡುಕುವುದು ಮರವನ್ನೋ, ನೀರನ್ನೋ, ಮನುಷ್ಯನನ್ನೋ?

ಉತ್ತರ ಬೇಕಾದರೆ ಅದೇ ಜಿಲ್ಲೆಯ ಇನ್ನೊಂದು ತುದಿಗೆ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಬೇಕು. ಅಲ್ಲಿ ಕಾವೇರಿಯ ನಡುವೆ ಪುಟ್ಟ ಪುಟ್ಟ ನಡುಗಡ್ಡೆಗಳಿವೆ. 17ನೇ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹೊಲಗದ್ದೆಗೆ ನೀರು ತಿರುಗಿಸಲು ಹೊಳೆಗೆ ಅಡ್ಡಗಟ್ಟೆ ಹಾಕಿದಾಗ ಉಂಟಾದವು ಇವು. ಅಂದರೆ ಕರ್ನಾಟಕದ ಅತಿ ಹೆಸರಾದ ಪಕ್ಷಿಧಾಮ ರೈತರ ನೀರಾವರಿಯ ಉಪ ಉತ್ಪನ್ನ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಿದ್ದ ಸಲೀಂ ಅಲಿ ಇದನ್ನು ಕಂಡು ಆಗಿನ ಒಡೆಯರಿಗೆ ಮನವರಿಕೆ ಮಾಡಿಕೊಟ್ಟರು, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ಮಾನ್ಯತೆ ಪಡೆದು ರಾಜ್ಯದ ಮೊದಲ ರಾಮ್ಸಾರ್ ತಾಣವೂ ಆಯಿತು. ಪ್ರಪಂಚದ ಒಟ್ಟು ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಮತ್ತು ಬಿಳಿ ಕೆಂಬರಲುಗಳಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಈ ಪುಟ್ಟ ಜಾಗವನ್ನು ನೆಚ್ಚಿಕೊಂಡಿದೆ ಎಂಬುದು ಆ ಮಾನ್ಯತೆಗೆ ಒಂದು ಮುಖ್ಯ ಆಧಾರ.

ಗೂಡಿನ ಹಕ್ಕಿಗೆ ನಡುಗಡ್ಡೆ ಏಕೆ ಬೇಕು? ಮೊಟ್ಟೆ ಕದಿಯುವ ಕಾಡುಬೆಕ್ಕು, ಮುಂಗುಸಿ, ಪುನುಗುಬೆಕ್ಕು, ಕೋತಿಗಳಿಗೆ ಸುತ್ತಲಿನ ನೀರು ಕಂದಕವಾಗುತ್ತದೆ. ಆದರೆ ಈಜಬಲ್ಲ ಪ್ರಾಣಿಗೆ ಬರೀ ನೀರು ದೊಡ್ಡ ಅಡ್ಡಿಯಲ್ಲ. ರಂಗನತಿಟ್ಟಿನ ಕಂದಕಕ್ಕೆ ಕಾವಲುಗಾರರೂ ಇದ್ದಾರೆ. ದೋಣಿಯಲ್ಲಿ ಕೂತವರೆಲ್ಲ ಮೊದಲು ಕ್ಯಾಮೆರಾ ತಿರುಗಿಸುವುದು ಅವರ ಕಡೆಗೇ: ಬಂಡೆಯ ಮೇಲೆ ಬಾಯಿ ಅಗಲಿಸಿ ಬಿಸಿಲು ಕಾಯಿಸುವ ಮೊಸಳೆಗಳು.

ಈ ಕಾವಲಿನ ಲೆಕ್ಕಾಚಾರವನ್ನು ಚೆನ್ನಾಗಿ ಬಿಡಿಸಿಟ್ಟಿರುವುದು ಅಮೆರಿಕದ ಫ್ಲಾರಿಡಾದಲ್ಲಿ. ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೆಳ್ಳಕ್ಕಿ, ಕೊಕ್ಕರೆಗಳು ಅಲಿಗೇಟರುಗಳಿರುವ ನೀರಿನ ಮೇಲಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೊಟ್ಟೆ ಕದಿಯುವ ರಕೂನು ಅಲ್ಲಿಗೆ ಈಜಿಬರಲು ಹೆದರುತ್ತದೆ. ಅಲಿಗೇಟರಿಗೆ ಸಿಗುವ ಸಂಬಳ ಮೇಲಿಂದ ಉದುರುವ ಮರಿಗಳು. ಹಕ್ಕಿಗೂಡುಗಳ ಬಳಿ ಇರುವ ಅಲಿಗೇಟರುಗಳು ಉಳಿದವಕ್ಕಿಂತ ಮೈತುಂಬಿಕೊಂಡಿವೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದೆರಡು ಮರಿ ಹೋದರೂ ಇಡೀ ಕಾಲೊನಿ ಉಳಿಯುತ್ತದೆ, ವ್ಯಾಪಾರ ಹಕ್ಕಿಗೆ ಗಿಟ್ಟುತ್ತದೆ.

ಈಗ ಕೊಕ್ಕರೆ ಬೆಳ್ಳೂರಿಗೆ ವಾಪಸು ಬಂದು ಅದೇ ಕಣ್ಣಿಂದ ನೋಡಿದರೆ ಊರು ಬೇರೆಯಾಗಿ ಕಾಣುತ್ತದೆ. ಇಲ್ಲಿ ಮೊಸಳೆಯ ಜಾಗದಲ್ಲಿ ಮನುಷ್ಯನಿದ್ದಾನೆ. ಬೀದಿಯಲ್ಲಿ ಹಗಲಿಡೀ ಓಡಾಟ, ರಾತ್ರಿ ದೀಪ, ಅಂಗಳದಲ್ಲಿ ನಾಯಿ. ಕಾಡುಬೆಕ್ಕು ಇತ್ತ ಸುಳಿಯುವುದು ಕಷ್ಟ, ಕಾಗೆಯೂ ಗರುಡವೂ ಮಾತ್ರ ಆಗೊಮ್ಮೆ ಈಗೊಮ್ಮೆ ಕೈಚಳಕ ತೋರಿಸುತ್ತವೆ. ನೀರಿಲ್ಲದ ನಡುಗಡ್ಡೆ ಇದು. ಕಾವಲಿನ ಕೂಲಿ ಗೊಬ್ಬರದ ರೂಪದಲ್ಲಿ ಬೀಳುತ್ತದೆ: ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಗೋಡು ತುಂಬಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಸೇರಿಸಿ ಗದ್ದೆಗೆ ಹಾಕುವುದು ಊರಿನ ಹಳೆಯ ರೂಢಿ. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಧಾರಾಳವಾಗಿರುತ್ತವೆ. ಕೆರೆಯ ತಳದ ಸತ್ವ ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರಿ, ಹುಣಸೆಮರ ಇಳಿದು, ಭತ್ತದ ತೆನೆ ಹತ್ತುತ್ತದೆ.

ಈ ಒಪ್ಪಂದ ಹೊರಜಗತ್ತಿಗೆ ಗೊತ್ತಾದದ್ದು ತಡವಾಗಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಇಲ್ಲಿನ ಹೆಜ್ಜಾರ್ಲೆ ಗೂಡುಗಳನ್ನು ಬೆಳಕಿಗೆ ತಂದರು. ಮುಂದೆ ಬೆಂಗಳೂರಿನ ರಸ್ತೆಗಳಿಗೆ ಲಕ್ಷಗಟ್ಟಲೆ ಗಿಡ ನೆಡಿಸಿ ಹೆಸರಾದವರೂ ಇವರೇ. ಹುಣಸೆ ಫಸಲು ಕಳೆದುಕೊಂಡ ಮರದ ಒಡೆಯರಿಗೆ ಸರ್ಕಾರ ಪರಿಹಾರ ಕೊಡುವ ಪದ್ಧತಿ ಅವರ ಪ್ರಯತ್ನದ ಫಲ. ಭಾರತದ ವನ್ಯಜೀವಿ ಸಂರಕ್ಷಣೆಯಲ್ಲಿ ಇದೊಂದು ಅಪರೂಪದ ಹೆಜ್ಜೆ. ಊರನ್ನು ಎಬ್ಬಿಸಿ ಬೇಲಿ ಹಾಕುವ ಬದಲು ಊರಿಗೇ ಬಾಡಿಗೆ ಕೊಟ್ಟಂತೆ. ಆ ಮೊತ್ತ ಮಾರುಕಟ್ಟೆಯ ಹುಣಸೆ ಬೆಲೆಯ ಜೊತೆಗೆ ಏರುತ್ತಾ ಹೋಗಬೇಕು. ಇಲ್ಲವಾದರೆ ಭಾವನೆಯ ಮೇಲೆ ಅತಿಯಾದ ಭಾರ ಹೊರಿಸಿದಂತಾಗುತ್ತದೆ.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರೊಂದಿಗೆ ಊರಿನ ಹುಡುಗರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಬಲೆ ಕಟ್ಟಿದ ಆವರಣದಲ್ಲಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ ಅವರದಾಯಿತು. ಹೆಜ್ಜಾರ್ಲೆ ಮರಿ ಸಾಕುವುದು ತಮಾಷೆಯಲ್ಲ. ಮೊಟ್ಟೆ ಒಡೆಯಲು ಒಂದು ತಿಂಗಳು ಸಾಕು, ಮರಿ ಗೂಡು ಬಿಡಲು ಮೂರರಿಂದ ಐದು ತಿಂಗಳು ಬೇಕು, ಅಷ್ಟೂ ದಿನ ಅದಕ್ಕೆ ಮೀನೇ ಆಗಬೇಕು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿ ಸಮುದಾಯ ಮೀಸಲು ಎಂಬ ಹೊಸ ಬಗೆಯನ್ನು ಸೃಷ್ಟಿಸಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಪಟ್ಟ ಬಂತು. ಜಮೀನು ಜನರದ್ದೇ, ಮರ ಜನರದ್ದೇ, ಹಕ್ಕಿಯ ಹೊಣೆ ಮಾತ್ರ ಜನ, ಸರ್ಕಾರ ಇಬ್ಬರದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ಕತೆ ಸುಖಾಂತವಾಗುತ್ತದೆ. ಆದರೆ ಹಕ್ಕಿ ಊರಿನಲ್ಲಿ ಮಲಗುತ್ತದೆಯೇ ಹೊರತು ಊರಿನಲ್ಲಿ ಉಣ್ಣುವುದಿಲ್ಲ. ಊಟಕ್ಕೆ ಅದು ತೈಲೂರು ಕೆರೆ, ಸೂಳೆಕೆರೆ, ಮದ್ದೂರು ಕೆರೆ, ಶಿಂಷಾ ಹೊಳೆಗೆ ಹೋಗಬೇಕು. ನಿಜವಾದ ತೊಡಕು ಇರುವುದು ಅಲ್ಲಿ.

ಬಣ್ಣದ ಕೊಕ್ಕರೆ ಕಣ್ಣಿಂದ ಮೀನು ಹಿಡಿಯುವುದಿಲ್ಲ. ಅರ್ಧ ತೆರೆದ ಕೊಕ್ಕನ್ನು ನೀರಿಗೆ ಇಳಿಸಿ, ಅತ್ತಿತ್ತ ಆಡಿಸುತ್ತಾ, ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಮೀನು ಕೊಕ್ಕಿಗೆ ತಾಕಿದ್ದೇ ತಡ, ಅದು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಇದರ ಅಮೆರಿಕದ ದಾಯಾದಿಯಾದ ವುಡ್ ಸ್ಟಾರ್ಕ್ ಮೇಲೆ 1963ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಕ್ಕಿಯ ಕಣ್ಣು ಮುಚ್ಚಿದರೂ ಅದು ಮೀನು ಹಿಡಿಯಿತು. ಕೊಕ್ಕು ಮುಚ್ಚಲು ತಗುಲಿದ ಸಮಯ 25 ಮಿಲಿಸೆಕೆಂಡು. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅದು ನಾಲ್ಕು ಸಲ ಕೊಕ್ಕು ಮುಚ್ಚಬಹುದು.

ತಡವಿ ಹಿಡಿಯುವವನಿಗೆ ಮೀನು ಒತ್ತೊತ್ತಾಗಿರಬೇಕು. ತುಂಬಿದ ಕೆರೆಯಲ್ಲಿ ಮೀನು ಎಷ್ಟೇ ಇದ್ದರೂ ಚದುರಿ ಹೋಗಿರುತ್ತದೆ, ಆಳವೂ ಹೆಚ್ಚು. ಮಳೆಗಾಲ ಕಳೆದು, ಸಂಕ್ರಾಂತಿಯ ನಂತರ ಕೆರೆ ಅಂಗಳ ಬಿಟ್ಟುಕೊಡುತ್ತಾ ಒಳಗೆ ಸರಿದಾಗ, ಮೊಣಕಾಲುದ್ದದ ನೀರಿನಲ್ಲಿ ಮೀನು ಕಿಕ್ಕಿರಿಯುತ್ತದೆ. ಬಣ್ಣದ ಕೊಕ್ಕರೆಗಳ ಬಾಣಂತನ ಬೇಸಗೆಯತ್ತ ವಾಲಿರುವುದಕ್ಕೆ ಇದೇ ಗುಟ್ಟು. ಬತ್ತುವ ಕೆರೆಯೇ ಅವುಗಳ ಕಣಜ.

ಆದ್ದರಿಂದ ಕೆರೆಯ ಆಕಾರ ಮುಖ್ಯ. ಹಳೆಯ ಕೆರೆಗಳು ಏರಿಯ ಕಡೆ ಆಳವಾಗಿ, ಹಿಂಬದಿಯಲ್ಲಿ ತಟ್ಟೆಯಂತೆ ಚಪ್ಪಟೆಯಾಗಿ ಹರಡಿರುತ್ತವೆ. ಈಚೆಗೆ ಕೆರೆ ಅಭಿವೃದ್ಧಿ ಎಂದರೆ ಜೆಸಿಬಿ ಇಳಿಸಿ ಸುತ್ತಲೂ ಬಾಣಲೆಯಂತೆ ಕೊರೆದು, ಅಂಚಿಗೆ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಮಾಡುವುದು ಎಂದಾಗಿದೆ. ನೀರು ಹೆಚ್ಚು ನಿಲ್ಲುತ್ತದೆ ನಿಜ. ಆದರೆ ಕೊಕ್ಕರೆಗೆ ಕಾಲೂರುವ ಜಾಗವೇ ಇಲ್ಲದ ಕೆರೆ ಅದು. ಹೂಳು ತೆಗೆಯಬಾರದೆಂದಲ್ಲ, ಹಿನ್ನೀರಿನ ಒಂದು ಪಾಲನ್ನು ಹಾಗೇ ಚಪ್ಪಟೆಯಾಗಿ ಬಿಟ್ಟರೆ ರೈತನಿಗೂ ನಷ್ಟವಿಲ್ಲ. ಇದು ಯೋಜನಾ ವರದಿಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ ಎಂದು ಹಕ್ಕಿ ನೋಡುವವರು ಗೊಣಗುವುದರಲ್ಲಿ ಅರ್ಥವಿದೆ.

ಹೆಜ್ಜಾರ್ಲೆಯ ಕಷ್ಟ ಬೇರೆ. 2017ರ ಕೊನೆಯಲ್ಲಿ ಕೊಕ್ಕರೆ ಬೆಳ್ಳೂರಿನಲ್ಲಿ ದೊಡ್ಡ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬೀಳತೊಡಗಿದವು. ಮೊದಲು ಎಲ್ಲರ ಬಾಯಲ್ಲೂ ಬಂದದ್ದು ಹಕ್ಕಿಜ್ವರ. ಪರೀಕ್ಷೆಯಲ್ಲಿ ಅದಲ್ಲ ಎಂದು ಗೊತ್ತಾಯಿತು. ಸತ್ತ ಹಕ್ಕಿಗಳ ಒಳಗೆ ಕಂಡದ್ದು ಕಾಂಟ್ರಸೀಕಮ್ ಎಂಬ ದುಂಡುಹುಳುಗಳ ಮುದ್ದೆ. 2018ರ ಆರಂಭದ ತಿಂಗಳುಗಳವರೆಗೆ ನಡೆದ ಈ ಸಾವಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಹೋದವು. ಈ ಹುಳುವಿನ ಬದುಕು ಸುತ್ತುಬಳಸಿನದು. ಹಕ್ಕಿಯ ಹಿಕ್ಕೆಯೊಂದಿಗೆ ಅದರ ಮೊಟ್ಟೆ ನೀರು ಸೇರುತ್ತದೆ, ನೀರಿನ ಸಣ್ಣ ಜೀವಿಗಳು ಅದರ ಮರಿಹುಳುವನ್ನು ನುಂಗುತ್ತವೆ, ಅವನ್ನು ಮೀನು ತಿನ್ನುತ್ತದೆ, ಮೀನನ್ನು ಹಕ್ಕಿ. ಸ್ವಲ್ಪ ಹುಳು ಎಲ್ಲ ಹೆಜ್ಜಾರ್ಲೆಗಳ ಹೊಟ್ಟೆಯಲ್ಲೂ ಇರುವುದೇ. ನೀರು ಕಡಿಮೆಯಾಗಿ, ಕೊಳೆತು, ಒಂದೇ ಮಡುವಿಗೆ ನೂರಾರು ಹಕ್ಕಿಗಳು ಮುಗಿಬಿದ್ದಾಗ ಈ ಚಕ್ರ ವೇಗವಾಗಿ ತಿರುಗುತ್ತದೆ. 2021ರ ಕೊನೆಯಿಂದ 2022ರ ಆರಂಭದವರೆಗೆ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ತೇಲಿನೀಲಾಪುರಂನಲ್ಲಿ ನೂರಕ್ಕೂ ಹೆಚ್ಚು ಹೆಜ್ಜಾರ್ಲೆಗಳು ಹುಳುಬಾಧೆಯಿಂದಲೇ ಸತ್ತವು. ಅದೂ ಹಕ್ಕಿಗಳನ್ನು ಜನ ಅಕ್ಕರೆಯಿಂದ ಕಾಯುವ ಊರೇ. ಮದ್ದೂರಿನ ಚರಂಡಿ ನೀರು ಶಿಂಷೆಗೆ ಸೇರುವುದನ್ನು ಕೊಕ್ಕರೆ ಬೆಳ್ಳೂರಿನ ಅಕ್ಕರೆಯೊಂದೇ ತಡೆಯಲಾರದು.

ಹೆಜ್ಜಾರ್ಲೆಗಳ ಪಾಡು ಒಂದು ಕಾಲಕ್ಕೆ ಇನ್ನೂ ಕೆಟ್ಟಿತ್ತು. ಬರ್ಮಾದ ಸಿತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬ ಪಕ್ಷಿಶಾಸ್ತ್ರಜ್ಞ ಇವನ್ನು ಲಕ್ಷಗಟ್ಟಲೆಯಲ್ಲಿ ಕಂಡದ್ದಾಗಿ ಬರೆದ. ಮುಂದಿನ ಆರೇಳು ದಶಕಗಳಲ್ಲಿ ಆ ಮಹಾ ಸಂತೆ ಪೂರ್ತಿ ಕರಗಿತು. ಈಗ ಭಾರತ, ಶ್ರೀಲಂಕಾ, ಕಾಂಬೋಡಿಯಾಗಳಲ್ಲಿ ಮಾತ್ರ ಇವು ಗಟ್ಟಿಯಾಗಿ ನೆಲೆಸಿವೆ. ದಕ್ಷಿಣ ಭಾರತದ ಕೆಲವು ಊರುಗಳೂ ಕೆರೆಗಳೂ ಕೈಬಿಡದೆ ಕಾಪಾಡಿದ್ದರಿಂದಲೇ 2007ರಲ್ಲಿ ಅಪಾಯದ ಪಟ್ಟಿಯಲ್ಲಿ ಇವು ಒಂದು ಮೆಟ್ಟಿಲು ಕೆಳಗಿಳಿದವು.

ನೀರು ಕಡಿಮೆಯಾದರೆ ಬೆಳ್ಳೂರಿಗೆ ಕಷ್ಟ, ಹೆಚ್ಚಾದರೆ ರಂಗನತಿಟ್ಟಿಗೆ. ಕೃಷ್ಣರಾಜಸಾಗರದ ಮಟ್ಟ 124.80 ಅಡಿ ಮುಟ್ಟಿತೆಂದರೆ ಮಂಡ್ಯದಲ್ಲಿ ಹಬ್ಬ, ಬಾಗಿನದ ಸಡಗರ. ಅದೇ ವಾರ ಸುಮಾರು ಹತ್ತು ಕಿಲೋಮೀಟರ್ ಕೆಳಗಿನ ನಡುಗಡ್ಡೆಗಳಲ್ಲಿ ಆತಂಕ. 2019ರ ಆಗಸ್ಟ್ ಮತ್ತು 2024ರ ಜುಲೈ ಕೊನೆಯಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದಾಗ ದೋಣಿವಿಹಾರ ನಿಂತಿತು, ತಗ್ಗಿನ ಗೂಡುಗಳು ಮುಳುಗಿದವು. ಬಣ್ಣದ ಕೊಕ್ಕರೆಗಳ ಮರಿಗಳು ಅಷ್ಟರಲ್ಲಿ ಹಾರಿ ಹೋಗಿರುತ್ತವೆ. ಪೆಟ್ಟು ಬೀಳುವುದು ಮಳೆಗಾಲದಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ಕೆಂಬರಲುಗಳಿಗೆ.

ಬಂಡೆಯ ಮೇಲೆ ಬರಿದೇ ಮೊಟ್ಟೆ ಇಡುವ ನದಿ ರೀವದ ಸ್ಥಿತಿ ಇನ್ನೂ ನಾಜೂಕು. ಹಳದಿ ಕೊಕ್ಕು, ಕರಿ ಟೋಪಿಯ ಈ ಚುರುಕು ಹಕ್ಕಿ ಮಾರ್ಚ್‌ನಿಂದ ಮೇವರೆಗೆ ಹೊಳೆ ಇಳಿದಾಗ ತಲೆಯೆತ್ತುವ ನಡುಗಡ್ಡೆಗಳನ್ನೇ ನಂಬಿದೆ. ಬೇಸಗೆಯ ಬೆಳೆಗೆಂದು ಒಂದು ರಾತ್ರಿ ನೀರು ಬಿಟ್ಟರೆ ಇಡೀ ಋತುವಿನ ಮೊಟ್ಟೆ ಕೊಚ್ಚಿಹೋಗಬಹುದು. ಜಾಗತಿಕವಾಗಿ ಇದೀಗ ಅಪಾಯಕ್ಕೊಳಗಾದ ಪಟ್ಟಿಗೆ ಸೇರಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಗೆಯಲ್ಲಿ ಸಾವಿರಾರು ರೀವಗಳು ನೆರೆಯುತ್ತವೆ. ಅಲ್ಲಿ ನೀರು ಮೇಲೇರದೆ ಇಳಿಯುತ್ತಾ ಹೋಗುವುದೇ ಅವುಗಳ ಪುಣ್ಯ.

ಇಷ್ಟೆಲ್ಲ ಗೊತ್ತಾಗಿರುವುದು ಯಾರೋ ಎಣಿಸಿದ್ದರಿಂದ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಇದು 1987ರಿಂದ ಬಂದ ಪದ್ಧತಿ. ಫೆಬ್ರುವರಿಯಲ್ಲಿ ನಾಲ್ಕು ದಿನಗಳ ಹಿತ್ತಲಹಕ್ಕಿ ಎಣಿಕೆ, ಭಾರತ ಸೇರಿಕೊಂಡದ್ದು 2013ರಲ್ಲಿ. ತೇಜಸ್ವಿಯವರ ‘ಹಕ್ಕಿಪುಕ್ಕ’ ಹಿಡಿದು ಹೆಸರು ಕಲಿತ ತಲೆಮಾರು ಈಗ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುತ್ತದೆ. ಸಾವಿರಾರು ಜನರ ಇಂಥ ಪಟ್ಟಿಗಳಿಂದಲೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳನ್ನು ತೂಗಿ ನೋಡಿತು. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ 60 ಇಳಿಮುಖವಾಗಿದ್ದವು.

ಅಪರೂಪದ ಹಕ್ಕಿ ಕಂಡರೆ ಕುಣಿಯುವುದು ಹವ್ಯಾಸಿಗಳ ಸ್ವಭಾವ. ಹಿಮಾಲಯದ ಮೇಲೆ 7,000 ಮೀಟರ್ ಎತ್ತರ ದಾಟಬಲ್ಲ ಪಟ್ಟೆತಲೆ ಹೆಬ್ಬಾತು ಮೈಸೂರು ಸೀಮೆಯ ಕೆರೆಗೆ ಇಳಿದ ದಿನ ಮೊಬೈಲುಗಳು ಬಿಸಿಯಾಗುತ್ತವೆ. ಆದರೆ ಲೆಕ್ಕಕ್ಕೆ ಹೆಚ್ಚು ಬೆಲೆಬಾಳುವುದು ಒಂದೇ ಕೆರೆಗೆ ತಿಂಗಳು ತಿಂಗಳೂ ಹೋಗಿ, ಬೆಳ್ಳಕ್ಕಿ ಎಷ್ಟು, ನೀರುಕಾಗೆ ಎಷ್ಟು ಎಂದು ಬರೆದಿಟ್ಟ ಸಪ್ಪೆ ಪಟ್ಟಿ. ಏನೂ ಕಾಣದ ದಿನ ಏನೂ ಕಾಣಲಿಲ್ಲ ಎಂದು ಬರೆದರೆ ಅದಕ್ಕೂ ಬೆಲೆಯಿದೆ.

ಈ ದೃಷ್ಟಿಯಿಂದ ಮಂಡ್ಯ ಜಿಲ್ಲೆಯದೇ ಆದ ಮಳವಳ್ಳಿ ತಾಲ್ಲೂಕು ಹಕ್ಕಿ ನೋಡುವವರನ್ನು ಕಾಯುತ್ತಿದೆ. ರಂಗನತಿಟ್ಟಿನಲ್ಲಿ ಭಾನುವಾರ ಟಿಕೆಟ್ಟಿಗೆ ಸಾಲು, ಮಳವಳ್ಳಿಯ ಕೆರೆಗಳ ಏರಿ ಖಾಲಿ. ಶಿಂಷೆ ಇದೇ ತಾಲ್ಲೂಕಿನ ಮೂಲಕ ಇಳಿದು ಕಾವೇರಿ ಸೇರುತ್ತದೆ. ಕಾವೇರಿ ಸೀಳಿ ಎರಡು ಜಲಪಾತವಾಗಿ ಧುಮುಕುವ ಶಿವನಸಮುದ್ರ ಸ್ವತಃ ಒಂದು ದೊಡ್ಡ ನಡುಗಡ್ಡೆ. ಗಗನಚುಕ್ಕಿ ನೋಡಲು ಬಂದವರು ಸೆಲ್ಫಿ ತೆಗೆದು ಮೀನೂಟ ಮಾಡಿ ಹೊರಟುಬಿಡುತ್ತಾರೆ. ಇನ್ನೂ ಕೆಳಗೆ ಮುತ್ತತ್ತಿ, ಭೀಮೇಶ್ವರಿಗಳ ಬಳಿ ಹೊಳೆಮತ್ತಿ ಮರಗಳಲ್ಲಿ ಮೀನುಹದ್ದುಗಳು ಕೂತಿರುತ್ತವೆ. ಬೇಸಗೆಯಲ್ಲಿ ಹೊಳೆ ನಡುವಿನ ಬಂಡೆಗಳ ಮೇಲೆ ದೊಡ್ಡ ಕಲ್ಲುಗೊರವ ಕಂಡರೆ ಹತ್ತಿರ ಹೋಗದೆ ದೂರದಿಂದಲೇ ಎಣಿಸುವುದು ಒಳ್ಳೆಯದು, ಮೊಟ್ಟೆ ಕಲ್ಲಿನ ಬಣ್ಣದಲ್ಲೇ ಇರುತ್ತದೆ, ಕಾಲಿಗೆ ಸಿಕ್ಕೀತು.

ಕೊಕ್ಕರೆ ಬೆಳ್ಳೂರಿನ ಮರಿಗಳು ಹಾರಿಹೋದ ಮೇಲೆ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಈ ಕೆರೆಗಳಲ್ಲಿ ಹೆಜ್ಜಾರ್ಲೆ ಕಂಡರೆ ಸಂಖ್ಯೆಯಷ್ಟೇ ಬರೆದರೆ ಸಾಲದು. ದುರ್ಬೀನು ಕೊಕ್ಕಿನ ಕಡೆ ತಿರುಗಿಸಬೇಕು. ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳು ಮೂಡುವುದು ಒಂದು ವರ್ಷ ತುಂಬಿದ ಮೇಲೆ, ಪೂರ್ತಿ ಬೆಳೆದ ಹಕ್ಕಿಯ ಗರಿ ಬರುವುದು ಮೂರನೇ ವರ್ಷದಲ್ಲಿ. ಮೈ ಕಂದುಬೂದು, ಕೊಕ್ಕಿನಲ್ಲಿ ಚುಕ್ಕೆಯಿಲ್ಲ ಎಂದರೆ ಅದು ಆ ವರ್ಷವೇ ಗೂಡು ಬಿಟ್ಟ ಮರಿ. ಮಳವಳ್ಳಿಯ ಒಂದು ಕೆರೆಯಲ್ಲಿ ಇಪ್ಪತ್ತು ಹೆಜ್ಜಾರ್ಲೆ ಇದ್ದು ಅದರಲ್ಲಿ ಎಂಟಕ್ಕೆ ಚುಕ್ಕೆ ಇರಲಿಲ್ಲ ಎಂಬಂಥ ಟಿಪ್ಪಣಿ ವರ್ಷವರ್ಷವೂ ಸಿಗತೊಡಗಿದರೆ, ಹುಣಸೆಮರದಿಂದ ಹಾರಿದ ಮರಿಗಳಲ್ಲಿ ಎಷ್ಟು ಮೊದಲ ಮಳೆಗಾಲ ದಾಟುತ್ತಿವೆ ಎಂಬ ಅಂದಾಜು ಕೈಗೆ ಬರುತ್ತದೆ. ಅದಕ್ಕೆ ಬೇಕಾದದ್ದು ಒಂದು ಸಾಧಾರಣ ದುರ್ಬೀನು, ಒಂದು ಪುಸ್ತಕ, ಬೆಳಗಿನ ಎರಡು ಗಂಟೆ.